ಶಿವರಾತ್ರಿಯೊಳಗೆ

"ಹದಿನಾರು ತುಂಬದ ಹುಡುಗ್ರನ್ನ ಜೈಲಿಗೆ ಹಾಕಂಗೇ ಇಲ್ವಂತೆ ಕಣೋ," ಎಂದು ನಯಾಜ್ ಪಿಸುಗುಟ್ಟಿದ. "ಏನೇ ಮಾಡಿದ್ರೂ."

ತೊಂಬತ್ತರ ದಶಕದ ಆರಂಭ; ಗಂಡುಹುಡುಗರಿಗೆ ಕಾನೂನಿನ ಗಡಿ ಆಗ ಹದಿನಾರೇ. ಶಿರಾಳಕೊಪ್ಪದ ಹೈಸ್ಕೂಲಿನಲ್ಲಿ ಅಂದು ಗಣಿತದ ಬದಲು ಕಾನೂನಿನ ಪಾಠ. ಮಕ್ಕಳು ದಾರಿ ತಪ್ಪಬಾರದೆಂದು ಸೊರಬದ ವಕೀಲ ರೇಣುಕಾಪ್ರಸಾದರನ್ನು ಕರೆಸಿದ್ದರು. ಪಕ್ಕದಲ್ಲಿ ಕೂತಿದ್ದ, ಒಂಬತ್ತರಲ್ಲಿ ಒಮ್ಮೆ ಫೇಲಾಗಿ ಈಗ ಹತ್ತರಲ್ಲಿದ್ದ ಈಶ್ವರನಿಗೆ ಅಲ್ಲಿಂದ ಮುಂದೆ ಭಾಷಣ ಕೇಳಿಸಲಿಲ್ಲ.

ಹಿಂದಿನ ವಾರ ಸಂತೆಯಲ್ಲಿ ಊರಿನ ಸಾಹುಕಾರ ಮಹೇಶ್ವರಪ್ಪ ಈಶ್ವರನ ಅಪ್ಪ ಉಜ್ಜಪ್ಪನಿಗೆ ಎಲ್ಲರೆದುರು ಚಪ್ಪಲಿಯಲ್ಲಿ ಹೊಡೆದಿದ್ದ. ಉಜ್ಜಪ್ಪನ ಎಮ್ಮೆ ಅವನ ಗದ್ದೆಗೆ ನುಗ್ಗಿತ್ತು, ಅಷ್ಟೇ ಕಾರಣ. ಅಪ್ಪ ಅಂಗಿಯ ಧೂಳು ಕೊಡವಿಕೊಂಡು ಮನೆಗೆ ಬಂದಿದ್ದ.

ಮಹೇಶ್ವರಪ್ಪನ ಕಣದಲ್ಲಿ ಮೂರು ಹುಲ್ಲಿನ ಬಣವೆಗಳಿದ್ದವು. ಬೇರೆ ಯಾರಾದರೂ ಆಗಿದ್ದರೆ ಕತ್ತಲಾಗಲೆಂದು ಕಾಯುತ್ತಿದ್ದರು. ಈಶ್ವರ ಅಡಗಬೇಕಿರಲಿಲ್ಲ. ಸುಟ್ಟವನು ಯಾರೆಂದು ಮಹೇಶ್ವರಪ್ಪನಿಗೆ ಗೊತ್ತಾಗಬೇಕು, ಗೊತ್ತಾದರೂ ಕೈಲಾಗದೆ ನಿಲ್ಲಬೇಕು. ಉಪಾಯದ ರುಚಿಯೇ ಅದು. ಗಡುವು ಮಾತ್ರ ಬಿಗಿ. ನೀನು ಹುಟ್ಟಿದ್ದು ಶಿವರಾತ್ರಿಯ ಮಾರನೇ ದಿನ ಎಂದು ಅವ್ವ ನಿರ್ಮಲಮ್ಮ ಪ್ರತಿ ವರ್ಷ ಹೇಳುತ್ತಿದ್ದಳು. ಈ ಶಿವರಾತ್ರಿ ಕಳೆದರೆ ಹದಿನಾರು. ಉಳಿದದ್ದು ಹನ್ನೊಂದು ದಿನ.

ಊರು ಖಾಲಿಯಿರುವ ಸಂತೆಯ ದಿನವನ್ನೇ ಆರಿಸಿದ. ಬಣವೆಯ ಬಳಿ ಕಟ್ಟಿದ್ದ ಕರುವನ್ನು ಬಿಚ್ಚಿ ದೂರ ಅಟ್ಟಿದ; ಕರುವಿನ ಮೇಲೆ ಅವನಿಗೇನೂ ಸಿಟ್ಟಿರಲಿಲ್ಲ. ಮಟಮಟ ಮಧ್ಯಾಹ್ನ ಕಡ್ಡಿ ಗೀರಿದ. ಆಮೇಲೆ ಅರಳಿಕಟ್ಟೆಯ ಮೇಲೆ ಕೂತು ಪೊಲೀಸರನ್ನು ಕಾದ.

ಠಾಣೆಯಲ್ಲಿ ಕೇಳುವ ಮೊದಲೇ ಅವನು ಹೇಳಿದ. "ಹಚ್ಚಿದ್ದು ನಾನೇ ಸಾರ್. ನಂಗಿನ್ನೂ ಹದಿನಾರಾಗಿಲ್ಲ." ಮೂಲೆಯಲ್ಲಿ ನಿಂತಿದ್ದ ಮಹೇಶ್ವರಪ್ಪನ ಮುಖ ಕಪ್ಪಿಟ್ಟಿತು. ಈಶ್ವರ ಅದನ್ನು ನಿಧಾನವಾಗಿ, ಕಣ್ತುಂಬ ನೋಡಿದ.

ಸಂಜೆ ಉಜ್ಜಪ್ಪ ಕಾಲು ಹಿಡಿದು ಕರೆತಂದ ವಕೀಲ ರೇಣುಕಾಪ್ರಸಾದರ ಕೈಯಲ್ಲಿ ಶಾಲೆಯ ದಾಖಲೆಯ ನಕಲಿತ್ತು. "ನಾನು ಕೊನೇಲಿ ಹೇಳಿದ್ದು ಕೇಳ್ಲಿಲ್ವೇನೋ? ವಯಸ್ಸಿಗೆ ಶಾಲೆ ದಾಖಲೇನೇ ಸಾಕ್ಷಿ. ಅದಿದ್ದ ಮೇಲೆ ಅವ್ವನ ಬಾಯಿಮಾತು ನಡೆಯಲ್ಲ." ಹಗಲು ಕೂಲಿಗೆ ಹೋಗುತ್ತಿದ್ದ ಅವ್ವ, ಮಗನನ್ನು ನೋಡಿಕೊಳ್ಳುವವರಿಲ್ಲವೆಂದು ಮೇಷ್ಟ್ರನ್ನು ಬೇಡಿಕೊಂಡು ಒಂದು ವರ್ಷ ಮೊದಲೇ ಒಂದನೇ ತರಗತಿಗೆ ಸೇರಿಸಿದ್ದಳು. ಸೇರಲು ವಯಸ್ಸು ಸಾಲದ ಊರಿನ ಎಲ್ಲ ಮಕ್ಕಳಿಗೂ ಮಾಡುವಂತೆ ಮೇಷ್ಟ್ರು ಅವನಿಗೂ ಹುಟ್ಟಿದ ತಾರೀಕೆಂದು ಜೂನ್ ಒಂದನ್ನೇ ಬರೆದಿದ್ದರು, ಹುಟ್ಟುವುದಕ್ಕೆ ಒಂಬತ್ತು ತಿಂಗಳು ಹಿಂದಿನ ಜೂನ್ ಒಂದು. ದಾಖಲೆಯ ಈಶ್ವರನಿಗೆ ಕಳೆದ ಜೂನಿನಲ್ಲೇ ಹದಿನಾರು ತುಂಬಿತ್ತು. ಎರಡು ತಿಂಗಳ ಹಿಂದೆ ಪರೀಕ್ಷೆಯ ಅರ್ಜಿಯಲ್ಲಿ ಅದೇ ತಾರೀಕಿನ ಕೆಳಗೆ, ಓದದೆ, ಸಹಿ ಹಾಕಿದವನು ಅವನೇ. ವಕೀಲರು ಕಾಗದ ಮಡಚಿದರು. "ನಾಳೆ ಹತ್ತು ಗಂಟೆಗೆ ಶಿಕಾರಿಪುರ ಕೋರ್ಟಲ್ಲಿ ಸಿಗಾಣ."