ಸೀಳದ ಹಾಳೆಗಳು

ಗಾಜಿನ ಪೆಟ್ಟಿಗೆ ಖಾಲಿಯಾಗಿತ್ತು. ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಒಳಗಿನ ಕೆಂಪು ಬಟ್ಟೆಯ ಮೇಲೆ ಪುಸ್ತಕ ಮಾತ್ರ ಇರಲಿಲ್ಲ.

"ನಿನ್ನೆ ಸಂಜೆ ನಾನೇ ಇಟ್ಟಿದ್ದೆ ಕಣೇ," ಎಂದಳು ಹರಿಪ್ರಿಯಾ. ಧ್ವನಿ ನಡುಗುತ್ತಿತ್ತು.

ಪೆಟ್ಟಿಗೆಯ ಸುತ್ತ ಸುರಕ್ಷಾ ಒಂದು ಸುತ್ತು ಬಂದಳು. ಬೇ ಏರಿಯಾದ ಕನ್ನಡ ರೇಡಿಯೋಗೆ ಸುದ್ದಿ ಮಾಡುವ ಅವಳು ವಾಲ್ನಟ್ ಕ್ರೀಕ್‌ನ ಈ ಬಾಡಿಗೆ ಸಭಾಂಗಣಕ್ಕೆ ಬಂದದ್ದು ಗೆಳತಿಯ ಪುಸ್ತಕ ಬಿಡುಗಡೆಯ ವರದಿಗೆ. ಮಧ್ಯಾಹ್ನಕ್ಕೆ ಜನ ಬರುವವರಿದ್ದರು.

ಕಾಣೆಯಾದದ್ದು ಆರಬೆಲ್ಲಾ ಟ್ವೀಡಿಯ ಕಥಾಸಂಕಲನ. ನೂರಿಪ್ಪತ್ತು ವರ್ಷಗಳ ಹಿಂದೆ ಕೆನಡಾದ ಪೂರ್ವ ಕರಾವಳಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಹೆಂಗಸು. ಅವಳ ಕಥೆಗಳು ವಾರಪತ್ರಿಕೆಗಳಲ್ಲಿ ಸೋಪಿನ ಜಾಹೀರಾತುಗಳ ನಡುವೆ ಬಂದು ಹೋಗುತ್ತಿದ್ದವು. ಆಗ ಹೆಸರು ಬೇಕಾದವರು ನ್ಯೂಯಾರ್ಕಿಗೋ ಲಂಡನ್ನಿಗೋ ಹೊರಟರು. ಇವಳು ಹೊರಡಲಿಲ್ಲ. ತಂದದ್ದು ಒಂದೇ ಪುಸ್ತಕ, ಅದೂ ಸ್ವಂತ ಖರ್ಚಿನಲ್ಲಿ. ಅದು ಲಿವರ್‌ಮೋರ್‌ನ ಯಾರದೋ ಮನೆಯ ಹಳೆ ಸಾಮಾನಿನ ಗ್ಯಾರೇಜ್ ಸೇಲಿನಲ್ಲಿ ಹರಿಪ್ರಿಯಾಗೆ ಸಿಕ್ಕಿತ್ತು. ಹುಡುಕಿದ ಯಾವ ಲೈಬ್ರರಿಯಲ್ಲೂ ಇನ್ನೊಂದು ಪ್ರತಿ ಇರಲಿಲ್ಲ.

ಹಳೆಯ ಪದ್ಧತಿಯ ಪುಸ್ತಕ. ಮಡಚಿ ಹೊಲಿದ ಹಾಳೆಗಳ ಅಂಚನ್ನು ಓದುವವರೇ ಚಾಕುವಿನಿಂದ ಸೀಳಿಕೊಳ್ಳಬೇಕು. ಇಷ್ಟು ವರ್ಷ ಯಾರೂ ಸೀಳಿರಲಿಲ್ಲ. ಹರಿಪ್ರಿಯಾ ಒಂದೊಂದೇ ಕಥೆ ಸೀಳಿ, ಓದಿ, ಕನ್ನಡಕ್ಕೆ ತಂದಳು. ಹನ್ನೊಂದು ಇಂದು ಬಿಡುಗಡೆಯಾಗುವ ಅನುವಾದದಲ್ಲಿ ಅಚ್ಚಾದವು. ಯಾವ ಪತ್ರಿಕೆಯಲ್ಲೂ ಬಂದಿರದ ಹನ್ನೆರಡನೆಯದನ್ನು ಬೇಕೆಂದೇ ಉಳಿಸಿಕೊಂಡಳು. ಇಂದು ವೇದಿಕೆಯ ಮೇಲೆ ಸೀಳಿ, ನೋಡುನೋಡುತ್ತಲೇ ಕನ್ನಡದಲ್ಲಿ ಹೇಳುವುದು. ಮುಖ್ಯ ಅತಿಥಿ ಅಲ್ಲೇ ನಿಂತು ಅದರ ಬಗ್ಗೆ ಮಾತಾಡುವುದು. ಈಗ ಪುಸ್ತಕ ಸಿಗದಿದ್ದರೆ ಆ ಕಥೆ ಲೋಕದಿಂದಲೇ ಹೋದಂತೆ.

"ಕೀ ಎಲ್ಲಿಟ್ಟಿದ್ದೆ?"

"ಇದೇ ಮೇಜಿನ ಡ್ರಾಯರಲ್ಲಿ. ಇನ್ನೂ ಅಲ್ಲೇ ಇದೆ."

"ಮತ್ತೆ ನಿನ್ನ ಬುದ್ಧಿ?"

"ಅದನ್ನೂ ಅಲ್ಲೇ ಇಟ್ಟಿದ್ದೆ ಅನ್ಸುತ್ತೆ."

"ನೀನು ಹೋದ್ಮೇಲೆ ಇಲ್ಲಿ ಯಾರಿದ್ರು?"

"ದೇವದಾಸ್ ಅಂಕಲ್, ತಿರುಮಲೇಶ್ ಸರ್. ಇಬ್ರೂ ಕುರ್ಚಿ ಹಾಕಿಸ್ತಿದ್ರು."

\* \* \*

ಪಾಲೋ ಆಲ್ಟೋದ ದೇವದಾಸ್ ಹಳೆಯ ಪುಸ್ತಕ ಕೂಡಿಡುವವರು. ಗಾಜಿನ ಪೆಟ್ಟಿಗೆಯೂ ಅವರದೇ. ಅವರು ಸಭಾಂಗಣಕ್ಕೆ ಬಂದೊಡನೆ ಸುರಕ್ಷಾ ವಿಚಾರಿಸಿದಳು.

"ಎಂತ ಮಾರಾಯ್ತಿ, ನನ್ನ ಮೇಲೆ ಡೌಟಾ?"

"ನಂಗೆ ಕೊಡು, ನಂಗೆ ಕೊಡು ಅಂತ ಅವಳ ಪ್ರಾಣ ತಿಂದಿದ್ರಲ್ಲ ಅಂಕಲ್."

"ಕೇಳಿದ್ದು ಹೌದು. ಕದ್ದರೆ ಯಾರಿಗೆ ತೋರಿಸುವುದು? ತೋರಿಸ್ಲಿಕ್ಕೆ ಆಗದ ಪುಸ್ತಕ ನನಗೆಂತಕ್ಕೆ?"

ಸುರಕ್ಷಾಗೆ ಪೂರ್ತಿ ನಂಬಿಕೆ ಬರಲಿಲ್ಲ. ನೀರು ಕುಡಿಯಲು ಸಭಾಂಗಣದ ಹಿಂದಿನ ಅಡುಗೆಕೋಣೆಗೆ ಹೋದಳು. ಸಿಂಕಿನ ಪಕ್ಕ ಹಣ್ಣು ಹೆಚ್ಚುವ ಚಾಕು ಬಿದ್ದಿತ್ತು. ಅದರ ಸುತ್ತ ಕಂದು ಬಣ್ಣದ ಸಣ್ಣ ಸಣ್ಣ ಕಾಗದದ ಎಳೆಗಳು.

ದೇವದಾಸರನ್ನು ಕರೆದು ತೋರಿಸಿದಳು. ಅವರು ಒಂದು ಎಳೆಯನ್ನು ಬೆರಳಲ್ಲಿ ಉಜ್ಜಿದರು. ಮುಖ ಬಿಳಿಚಿಕೊಂಡಿತು.

"ಅಯ್ಯಯ್ಯೋ, ಸೀಳಿದ್ದಾರೆ! ಬೆಲೆ ಉಳಿದದ್ದೇ ಆ ಸೀಳದ ಹಾಳೆಗಳಿಗೆ. ಯಾವ ಕತ್ತೆ ಮಾಡಿದ್ದು ಇದು?"

ಆ ಸಂಕಟ ನಾಟಕವಲ್ಲ. ಕೂಡಿಡುವವನು ಸೀಳುವುದಿಲ್ಲ, ಮಾರುವವನೂ ಸೀಳುವುದಿಲ್ಲ. ಹಾಗಾದರೆ ಸೀಳುವವನು ಯಾರು? ಓದುವವನು. ಬೇ ಏರಿಯಾದಲ್ಲಿ ಕಥೆ ಓದಲು ಕಳ್ಳತನ ಮಾಡುವವನೊಬ್ಬ ಇದ್ದಾನೆಯೇ? ಸುರಕ್ಷಾಗೆ ನಗು ಬಂತು, ಸಿಟ್ಟೂ ಬಂತು.

\* \* \*

ತಿರುಮಲೇಶ ಜರಿ ಶಲ್ಯ ಹೊದ್ದು ಬಂದರು. ಕನ್ನಡ ಕೂಟದ ಹಿರಿಯರು, ಇಂದಿನ ಮುಖ್ಯ ಅತಿಥಿ. ಇಲ್ಲಿ ಯಾರ ಪುಸ್ತಕವಿದ್ದರೂ ಬಿಡುಗಡೆ ಅವರದೇ. ಫ್ರೀವೇಯಲ್ಲಿ ಹೆಂಡತಿ ಕಾರು ಓಡಿಸುವಾಗ ಬೆನ್ನುಡಿ ಓದಿಕೊಳ್ಳುತ್ತಾರೆ, ಪುಸ್ತಕ ಬಿಚ್ಚುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾರೂ ಅದನ್ನು ತಪ್ಪೆಂದುಕೊಂಡಿರಲಿಲ್ಲ.

"ಹೋಗ್ಲಿ ಬಿಡಮ್ಮ," ಎಂದು ಹರಿಪ್ರಿಯಾಳ ತಲೆ ಸವರಿದರು. "ಆಗಿನ ಕೆನಡಾದಲ್ಲಿ ಎಲ್ಲಿ ಕಥೆ, ಬರೀ ಕರಡಿ, ಹಿಮ, ಪಾದ್ರಿ ಅಂತಿದ್ದೆ ನಾನು. ತಪ್ಪು. ಏನು ಕಸುಬಮ್ಮ ಆ ಹೆಂಗಸಿಂದು! ಮಗನ್ನ ಕಡಲಿಗೆ ಕಳಿಸಲ್ಲ ಅಂತ ದೋಣೀನೇ ಸುಟ್ಟುಹಾಕ್ತಾಳಲ್ಲ ಆ ತಾಯಿ... ಮೈ ಜುಂ ಅಂತು."

"ಯಾವ ಕಥೆ ಸರ್ ಅದು?" ಎಂದಳು ಸುರಕ್ಷಾ.

"ಈ ಪುಸ್ತಕದ್ದೇ."

"ಹನ್ನೊಂದೂ ಓದಿದೀನಿ. ದೋಣಿ ಸುಡೋ ತಾಯಿ ಎಲ್ಲೂ ಇಲ್ಲ."

ಹರಿಪ್ರಿಯಾ ತಲೆಯೆತ್ತಿದಳು. "ಇಲ್ಲ. ನಾನು ಅಂಥ ಕಥೆ ಅನುವಾದ ಮಾಡೇ ಇಲ್ಲ."

ತಿರುಮಲೇಶರ ಕೈ ಶಲ್ಯದ ಅಂಚನ್ನು ಹಿಡಿದುಕೊಂಡಿತು.

"ಹನ್ನೊಂದರಲ್ಲಿ ಇಲ್ಲ ಅಂದ್ರೆ ಹನ್ನೆರಡನೇದರಲ್ಲಿ ಇರ್ಬೇಕು," ಎಂದಳು ಸುರಕ್ಷಾ. "ಅದು ಮುಚ್ಚಿದ ಹಾಳೆಗಳ ಒಳಗಿತ್ತು. ಸೀಳಿದವರಿಗೆ ಮಾತ್ರ ಗೊತ್ತು. ಸೀಳಿದ ಪುಡಿ ಅಡುಗೆಕೋಣೆಯಲ್ಲಿದೆ. ಪುಸ್ತಕ ಎಲ್ಲಿದೆ ಸರ್?"

"ಕಾರಲ್ಲಿ." ಅವರು ಕುಸಿದು ಕೂತರು. "ಸ್ಟೇಜ್ ಮೇಲೆ ಏನೂ ಗೊತ್ತಿಲ್ದೆ ಹೇಗಮ್ಮ ನಿಲ್ಲೋದು? ಒಂದ್ಸಲ ಓದಿ ಇಟ್ಬಿಡೋಣ ಅಂದ್ಕೊಂಡೆ. ಸೀಳಿದ್ಮೇಲೆ ಇಡೋಕಾಗ್ಲಿಲ್ಲ, ಗೊತ್ತಾಗಿಬಿಡುತ್ತಲ್ಲ."

"ಓದದೇ ಮಾತಾಡೋದು ನಿಮಗೆ ಅಭ್ಯಾಸ ಅಲ್ವಾ?"

"ಅದು ಬೆನ್ನುಡಿ ಇರೋ ಪುಸ್ತಕಕ್ಕೆ. ಈ ಕಥೆಗೆ ಎಲ್ಲಿತ್ತಮ್ಮ ಬೆನ್ನುಡಿ?"

ದೇವದಾಸ್ ಕಾರಿನಿಂದ ಪುಸ್ತಕ ತಂದರು. ಕೊನೆಯ ಹಾಳೆಗಳ ಅಂಚು ಇಲಿ ಕಡಿದಂತಿತ್ತು. ಹರಿಪ್ರಿಯಾ ಅಕ್ಷರ ಎಣಿಸುವವಳಂತೆ ನೋಡಿದಳು. ಒಂದಕ್ಕೂ ಪೆಟ್ಟಾಗಿರಲಿಲ್ಲ.

"ನೀವು ಮುಂದಿನ ಸಾಲಲ್ಲಿ ಕೂತ್ಕೊಳ್ಳಿ ಸರ್. ಬಿಡುಗಡೆ ನಾನೇ ಮಾಡ್ತೀನಿ."

"ಯಾಕೆ ಅಂತ ಜನ ಕೇಳಿದ್ರೆ?"

"ಹೇಳ್ತೀನಿ."

\* \* \*

ಹೇಳಿದಳು, ವೇದಿಕೆಯ ಮೇಲೆ ನಿಂತು, ಒಂದನ್ನೂ ಮುಚ್ಚಿಡದೆ. ಸಭೆ ಬಿದ್ದು ಬಿದ್ದು ನಕ್ಕಿತು. ತಿರುಮಲೇಶ ಶಲ್ಯದೊಳಗೆ ಮುಖ ತಗ್ಗಿಸಿದರು. ನಗು ತಣ್ಣಗಾಗುವವರೆಗೂ ಹರಿಪ್ರಿಯಾ ಕಾದಳು.

"ಈ ಹೆಂಗಸನ್ನ ಅವಳ ದೇಶಾನೇ ಮರ್ತಿದೆ," ಎಂದಳು. "ಈ ಕಥೇನ ಇಲ್ಲೀವರೆಗೂ ಯಾವ ಭಾಷೇಲೂ ಯಾವ ಸಭೆಯೂ ಕೇಳಿಲ್ಲ. ಅದು ಮೊದಲು ಕೇಳಿಸ್ತಿರೋ ಭಾಷೆ ನಮ್ದು."

ಸುರಕ್ಷಾ ರೆಕಾರ್ಡರ್ ಒತ್ತಿ, ಬೆನ್ನು ನೆಟ್ಟಗೆ ಮಾಡಿ ಕೂತಳು. ಹರಿಪ್ರಿಯಾಳ ಧ್ವನಿ ಈಗ ನಡುಗಲಿಲ್ಲ.

"ಆ ಚಳಿಗಾಲ ಕಡಲು ನಮ್ಮೂರಿನ ಗಂಡಸರನ್ನೆಲ್ಲ ಕರೆದುಕೊಂಡು ಹೋಯಿತು, ನನ್ನ ಮಗನಿಗೆ ಮಾತ್ರ ಇನ್ನೂ ಗಡ್ಡ ಬಂದಿರಲಿಲ್ಲ..."