ಬೋಗುಣಿಯಲ್ಲಿ ನಿಮ್ಮ ಭಾಗ

“ಬ್ಯಾರೆ ತಾಟ ಬೇಕಂದ್ರ ನೀವು ಈ ಪ್ರವಾಸಕ್ಕ ಬರೋದ ಬ್ಯಾಡ್ರಿ!”

ಇಡೀ ಹಾಲ್ ಇತ್ತ ತಿರುಗಿ ನೋಡಿತು. ಅಂಬುಜಾಳ ಬಲಗೈ ಗಾಳಿಯಲ್ಲೇ ನಿಂತುಬಿಟ್ಟಿತು.

ಅಂಬುಜಾ ಅಂದ ತಕ್ಷಣ ಅರವತ್ತರ ಅಜ್ಜಿಯನ್ನು ಊಹಿಸಿಕೊಳ್ಳಬೇಡಿ! ಹೆಸರು ಅಜ್ಜಿಯದ್ದೇ, ವಯಸ್ಸು ಮಾತ್ರ ಮೂವತ್ಮೂರು. ಬೆಂಗಳೂರಿನ ಹುಡುಗಿ, ಈಗ ಲಂಡನ್ನಿನ ರೇನರ್ಸ್ ಲೇನ್‌ನ ಡಾಕ್ಟರ್ ಕ್ಲಿನಿಕ್ಕೊಂದರಲ್ಲಿ ರಿಸೆಪ್ಷನಿಸ್ಟ್. ದಿನವಿಡೀ ಸಿಡುಕುವ ಪೇಷೆಂಟ್‌ಗಳನ್ನು ನಗುನಗುತ್ತಾ ಸಂಭಾಳಿಸುವವಳು, ಈ ಶನಿವಾರ ಗ್ರೀನ್‌ಫರ್ಡ್‌ನ ಹಾಲ್‌ನಲ್ಲಿ ಬಾಯಿ ಕಟ್ಟಿ ಕೂತಿದ್ದಳು.

ಗುಡುಗಿದವನು ರುದ್ರೇಶ. ವಿಜಯಪುರದವನು, ಇಲ್ಲೇ ಒಂದು ವೇರ್‌ಹೌಸ್‌ನಲ್ಲಿ ಮ್ಯಾನೇಜರ್. ಅವನ ಜೊತೆ ಕೆಲಸ ಮಾಡುವ ಫಾತೂ ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದವಳು. ಪ್ರತಿ ಜನವರಿ ಇಬ್ಬರೂ ಸೇರಿ ಎಂಟು ಜನರನ್ನು ಅವಳ ದೇಶಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿನ ನದಿ, ಹಕ್ಕಿ, ಸಂಗೀತ, ಊಟ ಎಲ್ಲ ತೋರಿಸುತ್ತಿದ್ದರು. ಹೊರಡುವ ಮುಂಚೆ ಇಲ್ಲಿ ಎರಡು ಶನಿವಾರ ಅಭ್ಯಾಸದ ಊಟ. ಚಾಪೆಯ ಮೇಲೆ ಕೂತು, ಎಲ್ಲರೂ ಒಂದೇ ದೊಡ್ಡ ಬೋಗುಣಿಯಿಂದ ಉಣ್ಣಬೇಕು.

“ನಿಮ್ಮ ಎದುರಿಗೆ ಇರೋದಷ್ಟೇ ನಿಮ್ಮ ಭಾಗ,” ಎಂದು ಫಾತೂ ಇಂಗ್ಲಿಷಿನಲ್ಲಿ ಹೇಳಿಕೊಟ್ಟಿದ್ದಳು. “ನಡುವಿನ ಒಳ್ಳೇ ತುಂಡುಗಳಿಗೆ ಕೈ ಹಾಕಬಾರದು. ಮನೆಯವರೇ ಮುರಿದು ನಿಮ್ಮ ಕಡೆ ತಳ್ಳುತ್ತಾರೆ. ಪ್ರೀತಿ ಇದ್ದಷ್ಟೂ ದೊಡ್ಡ ತುಂಡು!”

ಅನ್ನ, ಅದರ ಮೇಲೆ ಶೇಂಗಾ ಸಾರಿನಲ್ಲಿ ಬೆಂದ ಬದನೆಕಾಯಿ, ಕುಂಬಳಕಾಯಿ. ಘಮಘಮ! ಎಲ್ಲರೂ ಕೈ ಹಾಕಿದರು. ಅಂಬುಜಾಳೂ ಚಾಚಿದಳು. ಬೋಗುಣಿಯ ಅಂಚಿನವರೆಗೆ ಹೋದ ಕೈ ಮುಂದೆ ಹೋಗಲೇ ಇಲ್ಲ.

“ನನಗೆ... ಒಂದು ಬೇರೆ ತಟ್ಟೆ ಸಿಗುತ್ತಾ?” ಎಂದು ಪಕ್ಕದಲ್ಲಿದ್ದ ರುದ್ರೇಶನನ್ನು ಮೆಲ್ಲಗೆ ಕೇಳಿದಳು. ಅಷ್ಟಕ್ಕೇ ಈ ಗುಡುಗು!

“ಹ್ವಾದ ವರ್ಷ ನಮ್ಮವರ ಒಬ್ರು ಫಾತೂನ ಅಕ್ಕನ ಮನ್ಯಾಗ ಹಿಂಗ ತಾಟ ಕೇಳಿದ್ರು. ಆ ಅಕ್ಕ ಅತ್ತಿದ್ದು ನಾ ಕಣ್ಣಾರೆ ನೋಡೀನಿ. ಅವರ ಕೈ ನಿಮಗ ಹೇಸಿಗಿ ಅನಸ್ತದಂದ್ರ ಅವರ ಮನಿಗೆ ಯಾಕ ಹೋಗಬೇಕ್ರಿ?”

‘ಹೇಸಿಗೆಯಾ? ಅಯ್ಯೋ ದೇವರೇ... ಅವರ ಕೈಯಲ್ಲ, ನನ್ನ ಕೈ!’

ಅಂಬುಜಾ ಬ್ಯಾಗ್ ಎತ್ತಿಕೊಂಡು ಹೊರಟುಹೋದಳು.

ಬಸ್ಸಿನಲ್ಲಿ ಕೂತಾಗ ಸ್ಟ್ಯಾನ್ಮೋರ್‌ನ ಅತ್ತೆಮನೆ ನೆನಪಾಯಿತು. ಅಲ್ಲಿ ನಾಲ್ಕು ವರ್ಷ ಎಲ್ಲರೂ ಉಂಡ ಮೇಲೆ ಕಿಚನ್ ಕೌಂಟರ್‌ಗೆ ಒರಗಿ ನಿಂತು ಉಂಡಿದ್ದಳು. ಒಮ್ಮೆ ಊಟದ ನಡುವೆ ಮರೆತು ಬಲಗೈಯಲ್ಲೇ ಸಾರಿನ ಪಾತ್ರೆ ಮುಟ್ಟಿದ್ದಳು. “ನಿನ್ನ ಎಂಜಲು ಕೈ!” ಎಂದು ಅತ್ತೆ ಇಡೀ ಸಾರನ್ನು ಸಿಂಕಿಗೆ ಸುರಿದಿದ್ದರು. ಗಂಡ ಶಿಶಿರ್ ಫೋನಿನಿಂದ ತಲೆ ಕೂಡ ಎತ್ತಲಿಲ್ಲ.

ಡಿವೋರ್ಸ್ ಆಗಿ ಎರಡು ವರ್ಷವಾಗಿತ್ತು. ಆದರೂ ನಾಲ್ಕು ಜನರ ನಡುವೆ ಉಣ್ಣಲು ಕೂತರೆ ಯಾವ ಪಾತ್ರೆಗೂ ಕೈ ಚಾಚುತ್ತಿರಲಿಲ್ಲ. ಅದಕ್ಕೇ ಅಲ್ಲವೇ, ಲೈಬ್ರರಿಯಲ್ಲಿ ‘ಎಲ್ಲರೂ ಒಂದೇ ಬೋಗುಣಿಯಿಂದ ಉಣ್ಣುವ ನಾಡಿಗೆ ಬನ್ನಿ’ ಎಂಬ ಪೋಸ್ಟರ್ ನೋಡಿದ ಕೂಡಲೇ ಹೆಸರು ಕೊಟ್ಟಿದ್ದು!

‘ಒಂದು ಸಲ ಹೊರಗೆ ಹಾಕಿಸಿಕೊಂಡಿದ್ದು ಸಾಕು. ನಾನು ಗ್ಯಾಂಬಿಯಾಕ್ಕೆ ಹೋಗೇ ಹೋಗ್ತೀನಿ!’

ಮುಂದಿನ ಶನಿವಾರ ಎಲ್ಲರಿಗಿಂತ ಮೊದಲೇ ಬಂದು ಚಾಪೆಯ ಮೇಲೆ ಕೂತಿದ್ದಳು. ರುದ್ರೇಶ ಬಾಗಿಲಲ್ಲೇ ನಿಂತ. ಅಂಬುಜಾ ಅವನತ್ತ ನೋಡಲೂ ಇಲ್ಲ. ಬೋಗುಣಿ ಬಂದ ಮೇಲೆ ಎಲ್ಲರೆದುರೇ ಫಾತೂಗೆ ಎಲ್ಲವನ್ನೂ ಹೇಳಿದಳು. ಸಿಂಕಿಗೆ ಸುರಿದ ಸಾರಿನವರೆಗೆ, ಒಂದನ್ನೂ ಬಿಡದೆ.

“ನಿಮ್ಮ ಕೈ ಕಂಡು ಹಿಂಜರಿದದ್ದಲ್ಲ. ನನ್ನ ಕೈ ತಾಗಿದರೆ ನಿಮ್ಮ ಊಟ ಕೆಡುತ್ತೆ ಅಂತ ಹೆದರಿದೆ. ಇವತ್ತೂ ಹೆದರಿಕೆ ಇದೆ. ಆದರೂ ಉಣ್ತೀನಿ.”

ಬಲಗೈಯನ್ನು ಅನ್ನಕ್ಕೆ ಇಟ್ಟೇಬಿಟ್ಟಳು. ಯಾರೂ ಏನನ್ನೂ ಸುರಿಯಲಿಲ್ಲ! ಫಾತೂ ಕಣ್ಣೊರೆಸಿಕೊಂಡು, ಇದ್ದುದರಲ್ಲೇ ದೊಡ್ಡ ಬದನೆಕಾಯಿ ತುಂಡನ್ನು ಅವಳ ಕಡೆ ತಳ್ಳಿದಳು. ರುದ್ರೇಶನಿಗೆ ಮಾತ್ರ ಅವತ್ತು ಒಂದು ತುತ್ತೂ ಇಳಿಯಲಿಲ್ಲ.

ಊಟ ಮುಗಿಸಿ ಅವಳು ಹೊರಟಾಗ ಹಿಂದೆಯೇ ಬಸ್ ಸ್ಟಾಪಿಗೆ ಓಡಿ ಬಂದ. “ತಪ್ಪಾತ್ರೀ. ಒಂದ ಮಾತು ಕೇಳದ ಏನೇನೋ ಅಂದುಬಿಟ್ಟೆ. ನಾ ಭಾಳ...”

“ಅದೆಲ್ಲ ಇರಲಿ. ಸೀಟು ಇದೆಯಾ ಇಲ್ವಾ?”

“ಐತ್ರಿ! ಐತಿ!”

ಗ್ಯಾಂಬಿಯಾದ ಹತ್ತು ದಿನಗಳನ್ನು ಅಂಬುಜಾ ಎರಡು ಕೈಯಲ್ಲೂ ಬಾಚಿಕೊಂಡಳು. ನದಿಯಲ್ಲಿ ದೋಣಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಮೇಲೆ ಕಪ್ಪುಬಿಳಿ ಮಿಂಚುಳ್ಳಿ, ಸಂಜೆ ಫಾತೂನ ಅಕ್ಕನ ಅಂಗಳದಲ್ಲಿ ಇಪ್ಪತ್ತೊಂದು ತಂತಿಯ ಕೋರಾ ವಾದ್ಯ. ಪ್ರತಿ ಊಟದಲ್ಲೂ ಬೋಗುಣಿಯ ನಡುವಿನ ಒಳ್ಳೆಯ ತುಂಡು ಸದ್ದಿಲ್ಲದೆ ಅವಳ ಕಡೆ ಜರುಗುತ್ತಿತ್ತು. ಯಾವ ಕಡೆಯಿಂದ ಅಂತೀರಾ? ಬೇರೆ ಯಾರ ಕಡೆಯಿಂದಲೂ ಅಲ್ಲ, ರುದ್ರೇಶನ ಕಡೆಯಿಂದಲೇ!

ಕೊನೆಯ ದಿನ ಫಾತೂ ಅವಳ ಕಿವಿಯಲ್ಲಿ ಪಿಸುಗುಟ್ಟಿ ನಕ್ಕಳು. “ಆರು ವರ್ಷದಿಂದ ನೋಡ್ತಿದ್ದೀನಿ, ಅವನು ಯಾರಿಗೂ ಹೀಗೆ ತಳ್ಳಿಲ್ಲ.”

ಆದರೆ ಲಂಡನ್ನಿಗೆ ಬಂದ ಮೇಲೆ ಆಸಾಮಿ ನಾಪತ್ತೆ! ಒಂದು ಮೆಸೇಜ್ ಇಲ್ಲ, ಫೋನ್ ಇಲ್ಲ. ‘ಅಷ್ಟ ಮಂದಿ ಮುಂದ ಅವಮಾನ ಮಾಡಿದವ, ಯಾವ ಮುಖ ಇಟ್ಕೊಂಡು ಕೇಳ್ಲಿ?’ ಎಂದು ಅವನು ಗ್ರೀನ್‌ಫರ್ಡ್‌ನಲ್ಲಿ ಒದ್ದಾಡುತ್ತಿದ್ದ. ಮೂರು ವಾರ ಕಾದು ಅಂಬುಜಾಳ ತಾಳ್ಮೆ ಮುಗಿಯಿತು. ಅವಳೇ ಫೋನ್ ಮಾಡಿದಳು.

“ಭಾನುವಾರ ಮಧ್ಯಾಹ್ನ ನನ್ನ ಫ್ಲ್ಯಾಟಿಗೆ ಊಟಕ್ಕೆ ಬನ್ನಿ. ನೆಪ ಹೇಳಿದ್ರೆ ನಾನೇ ಬಂದು ಎಳ್ಕೊಂಡು ಹೋಗ್ತೀನಿ!”

ಬಂದ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು. ಒಳಗೆ ನೆಲದ ಮೇಲೆ ಚಾಪೆ. ನಡುವೆ ಗ್ಯಾಂಬಿಯಾದ ಸಂತೆಯಲ್ಲಿ ಅವಳು ಕೊಂಡಿದ್ದ ಹೂವಿನ ಚಿತ್ರದ ಬೋಗುಣಿ. ಅನ್ನ, ಶೇಂಗಾ ಸಾರು, ಮಧ್ಯದಲ್ಲಿ ಒಂದೇ ಒಂದು ಇಡೀ ಬದನೆಕಾಯಿ.

“ತಾಟ... ಎಲ್ಲಿ ಅದಾವ್ರಿ?” ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಕೇಳಿಬಿಟ್ಟ.

“ಬೇರೆ ತಟ್ಟೆ ಬೇಕು ಅಂದ್ರೆ ನೀವು ಈ ಮನೆಗೆ ಬರೋದೇ ಬೇಡ!”

ಒಂದು ಕ್ಷಣ ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ನಕ್ಕರು ನೋಡಿ! ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು.

ಅಂಬುಜಾ ಬದನೆಕಾಯಿಯನ್ನು ಮುರಿಯಲಿಲ್ಲ. ಇಡಿಯಾಗಿ ಅವನ ಕಡೆ ತಳ್ಳಿದಳು.

“ಇಷ್ಟೂ ನನಗ ಏನ್ರಿ?”

“ಫಾತೂ ಹೇಳಿದ್ದು ಮರೆತು ಹೋಯ್ತಾ?”

ಅವನ ಕಣ್ಣು ತುಂಬಿತು. “ಹತ್ತು ದಿನ ನಾನೂ ಅದನ್ನ ಹೇಳಕೋತ ಇದ್ದೆ, ಅಂಬುಜಾ.”

“ಗೊತ್ತಿತ್ತು. ಬಾಯಿ ಬಿಟ್ಟು ಯಾವಾಗ ಹೇಳ್ತೀರಾ ಅಂತ ಕಾಯ್ತಿದ್ದೆ.”

“ನಿಮ್ಮನ್ನ ಪ್ರೀತಿ ಮಾಡ್ತೀನಿ. ಜೀವನಪೂರ್ತಿ ನಿಮ್ಮ ಕೂಡ ಕೂತು ಉಣಬೇಕು ಅನ್ನೋ ಆಸೆ ಐತಿ.”

ಬದನೆಕಾಯಿಯನ್ನು ಎರಡಾಗಿ ಮುರಿದು ಒಂದು ಪಾಲನ್ನು ಅವಳ ಕಡೆ ಜರುಗಿಸಿದ. ಸಾರು ಮೆತ್ತಿದ ಬೆರಳುಗಳು ಅವಳ ಬೆರಳಿಗೆ ತಾಗಿದವು. ಅವಳು ಕೈ ಹಿಂದೆ ತೆಗೆದುಕೊಳ್ಳಲಿಲ್ಲ.

“ನನ್ನದು ಎಂಜಲು ಕೈ...” ಎಂದಳು, ಅಳುತ್ತಾ, ನಗುತ್ತಾ.

“ನನ್ನದೂ ಎಂಜಲ ಐತಿ,” ಎಂದ ರುದ್ರೇಶ. “ಉಣ್ಣು, ಅನ್ನ ಆರ್ತದ.”