ಬೀಗದೊಳಗಿನ ಫೋಟೊ

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ತಾಜ್‌ಬೀ ಚನ್ನಗಿರಿ ಠಾಣೆಗೆ ಬಂದು ಇನ್ಸ್‌ಪೆಕ್ಟರ್ ಸಂಧ್ಯಾರಾಣಿಯ ಎದುರು ಕೂತರು. ತಾಜ್‌ಬೀ ಸಂಬಂಧ ಕೂಡಿಸುವವರು. ಹೊನ್ನಾಳಿ, ನ್ಯಾಮತಿ, ಜಗಳೂರಿನ ಮನೆಗಳಿಗೂ ಅವರದೇ ವೆಬ್‌ಸೈಟು. ಅಲ್ಲಿ ಹೆಣ್ಣುಮಕ್ಕಳ ಫೋಟೊಗಳಿಗೆ ಬೀಗವಿತ್ತು. ಗಂಡಿನ ತಾಯಿ ಕೇಳಿದರೆ ತಾಜ್‌ಬೀಯೇ ತೆಗೆದು ತೋರಿಸುತ್ತಿದ್ದರು.

“ಯಾರೋ ಒಳಗೆ ಹೊಕ್ಕಾರಂತೆ ಮೇಡಂ, ಸರ್ವರ್ ಕಂಪನಿಯೋರು ಹೇಳಿದ್ರು. ಹುಡುಗೀರ ಫೋಟೊ ಗಂಡಸರ ಕಣ್ಣಿಗೆ ಬೀಳಲ್ಲ ಅಂತ ತಾಯಂದಿರಿಗೆ ಮಾತು ಕೊಟ್ಟೀನಿ.”

ಎಫ್‌ಐಆರ್ ದಾಖಲಾಯಿತು. ಪಂಚರ ಎದುರು ಸರ್ವರಿನ ನಕಲು ತೆಗೆದು ಪಂಚನಾಮೆ ಬರೆದರು. ಕಾನ್‌ಸ್ಟೇಬಲ್ ರಂಗನಾಥ್ ಹುಡುಗರೇ ಸೈಟಿಗೆ ಸೇರಿಸಿದ್ದ ತಮ್ಮ ಫೋಟೊಗಳನ್ನು ಒಂದೊಂದಾಗಿ ತೆರೆದ. ಒಂದು ತೆರೆಯಲಿಲ್ಲ. ಅದರೊಳಗೆ ಮುಖವಿರಲಿಲ್ಲ, ಆಜ್ಞೆಗಳಿದ್ದವು. ವೆಬ್ ಶೆಲ್. ಹೊರಗೆ ಕೂತವನು ಹೇಳಿದಂತೆ ಸರ್ವರನ್ನು ಕುಣಿಸುವ ಫೈಲು.

ಕಂಪನಿಯವರು ಹೇಳಿದಂತೆ ನಿನ್ನೆಯೇ ಅದನ್ನು ಅಳಿಸಿದ್ದೆ, ಮತ್ತೆ ಬಂದಿದೆ ಎಂದರು ತಾಜ್‌ಬೀ.

“ಕಳೆ ಕಿತ್ತೀರಿ, ಬೇರು ಒಳಗೇ ಐತೆ,” ಎಂದ ರಂಗನಾಥ್. ಸೈಟಿನ ಹಳೆಯ ನಕಲನ್ನು ಈಗಿನದರ ಪಕ್ಕ ಇಟ್ಟು ನೋಡಿದಾಗ, ಹೆಚ್ಚಿಗೆ ಇದ್ದ ಎರಡನೇ ಫೈಲು ಸಿಕ್ಕಿತು; ಅಳಿಸಿದ್ದನ್ನು ಮತ್ತೆ ತಂದಿಡುತ್ತಿದ್ದುದು ಅದೇ. ಮೊದಲನೆಯದನ್ನು ಸೇರಿಸಿದ ಖಾತೆ ಜಗಳೂರಿನ ಆಕಿಬ್‌ನದು. ಸುಳ್ಳು ಹೆಸರಿನ ಮಾತೇ ಇರಲಿಲ್ಲ. ಮನೆಗೆ ಹೋಗಿ ಚಹಾ ಕುಡಿಯದೆ ತಾಜ್‌ಬೀ ಯಾರಿಗೂ ಖಾತೆ ಕೊಡುತ್ತಿರಲಿಲ್ಲ.

ಜೀಪು ಜಗಳೂರು ಮುಟ್ಟುವವರೆಗೂ ಫೋನ್ ಸದ್ದಾದಾಗಲೆಲ್ಲ ಸಂಧ್ಯಾರಾಣಿ ತಟ್ಟನೆ ತೆಗೆದು ನೋಡುತ್ತಿದ್ದಳು. ಯಾವ ಹುಡುಗಿಯ ಫೋಟೊ ಯಾವ ಗುಂಪಿಗೆ ಬಿತ್ತೋ? ಸುದ್ದಿ ತಿಳಿದ ತಾಯಂದಿರು ಆಗಲೇ ತಾಜ್‌ಬೀ ಮನೆ ಮುಂದೆ ಸೇರಿದ್ದರು.

ಆಕಿಬ್ ತನ್ನ ಮೊಬೈಲ್ ರಿಪೇರಿ ಅಂಗಡಿಯಲ್ಲೇ ಇದ್ದ. ಓಡಲಿಲ್ಲ.

“ಎಷ್ಟು ಫೋಟೊ ತಗದೆ?” ಎಂದಳು ಸಂಧ್ಯಾರಾಣಿ.

“ಒಂದು.”

“ಯಾರದ್ದು?”

“ನಮ್ಮಕ್ಕಂದು.”

ರಂಗನಾಥ್ ಸರ್ವರಿನ ದಾಖಲೆ ನೋಡಿ ತಲೆಯಾಡಿಸಿದ. ನಿಜ, ಬೇರೆ ಯಾವ ಫೋಟೊವನ್ನೂ ಅವನು ಮುಟ್ಟಿರಲಿಲ್ಲ. ಅದೊಂದನ್ನು ಮಾತ್ರ ದಿನಾ ತೆರೆದಿದ್ದ. ಸಂಧ್ಯಾರಾಣಿ ಉಸಿರು ಬಿಟ್ಟಳು. ಕಾನೂನಿಗೆ ಅದರಿಂದ ವ್ಯತ್ಯಾಸವಿರಲಿಲ್ಲ. ಬಂಧನದ ಕಾಗದ ಸಿದ್ಧವಾಯಿತು.

ಅಕ್ಕ ಮಸರತ್‌ಳ ಕೆನ್ನೆಯ ಮೇಲೆ ಸುಟ್ಟ ಕಲೆಯಿದೆ. ಗಂಡಿನ ತಾಯಂದಿರಿಗೆ ಫೋಟೊ ತೋರಿಸ್ತಿದೀನಿ, ತೋರಿಸ್ತಿದೀನಿ ಎಂದು ತಾಜ್‌ಬೀ ಮೂರು ವರ್ಷದಿಂದ ಹೇಳುತ್ತಲೇ ಇದ್ದರು.

“ಫೋಟೊ ಕೆಳಗೆ ಎಷ್ಟು ಸಲ ತೆಗೆದಾರೆ ಅಂತ ಬರ್ತೈತೆ ಮೇಡಂ. ನಿಜವಾಗ್ಲೂ ತೋರಿಸ್ತಾರಾ ಅಂತ ನೋಡೋಕೆ ಒಳಗೆ ಹೊಕ್ಕೆ, ಸೊನ್ನೆ ಇತ್ತು. ಸೊನ್ನೆ ಇರಬಾರ್ದು ಅಂತ ನಾನೇ ದಿನಾ ತೆಗೀತಿದ್ದೆ,” ಎಂದ ಆಕಿಬ್.

ಸಂಜೆ ಠಾಣೆಯಲ್ಲಿ ಸಂಧ್ಯಾರಾಣಿ ತಾಜ್‌ಬೀಗೆ ಎಲ್ಲವನ್ನೂ ಹೇಳಿದಳು. ಯಾರ ಫೋಟೊವೂ ಹೊರಗೆ ಹೋಗಿಲ್ಲ ಎಂದಳು. ಮಸರತ್‌ಳನ್ನು ನೋಡಬೇಕು, ಜಗಳೂರಿಗೆ ಬೆಳಿಗ್ಗೆ ಮೊದಲ ಬಸ್ಸು ಯಾವಾಗ ಎಂದು ತಾಜ್‌ಬೀ ಕೇಳಿದರು.